ಕೂರಲು ಬಾರದವರ ಅಂಗಳ

ಗಡಿಬಿಡಿ ಸಾಹುಕಾರರು ಕುರ್ಚಿಯಲ್ಲಿ ಪೂರ್ತಿಯಾಗಿ ಕೂತದ್ದನ್ನು ಕಂಡವರಿಲ್ಲ. ಕುರ್ಚಿಯ ತುದಿಗೆ ಮೈಯನ್ನು ಒಂದಿಷ್ಟು ತಾಗಿಸಿ, ಒಂದು ಕಾಲನ್ನು ಬಾಗಿಲ ಕಡೆಗೆ ಚಾಚಿ, ಎದುರಿನವರ ಮಾತು ಮುಗಿಯುವ ಮೊದಲೇ "ಆಯ್ತಾ?" ಎಂದು ಕೇಳಿ, ಅವರು ಆಯಿತೆಂದರೂ ಸರಿ, ಆಗಲಿಲ್ಲವೆಂದರೂ ಸರಿ, ಎದ್ದು ಹೊರಟುಬಿಡುವುದು ಅವರ ಜಾಯಮಾನ. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆಯ ಮೇಲೆ ನೊರೆ ಹಾಗೇ ಇರುವಾಗ ಹೊರಗೆ ಲಾರಿಯ ಹಾರನ್ ಕೇಳಿಸಿತೆಂದು, ಕೊರಳಿಗೆ ಕಟ್ಟಿದ ಬಿಳಿಯ ಬಟ್ಟೆಯ ಸಮೇತ ಬೀದಿಗೆ ಧಾವಿಸಿ, ಅರ್ಧ ಗಡ್ಡದಲ್ಲೇ ಸರಕು ಏರಿಸಿ ಕಳಿಸಿ ಬಂದ ಮಹಾನುಭಾವರು. ನಡಿಗೆಯೂ ಅಂಥದ್ದೇ: ತಲೆ ಮೊದಲು ಹೊರಟು, ಎದೆ ಅದನ್ನು ಹಿಂಬಾಲಿಸಿ, ಕಾಲುಗಳು ಕೊನೆಗೆ ವಿಧಿಯಿಲ್ಲದೆ ಬಂದು ಕೂಡಿಕೊಂಡಂತೆ. ಅವರ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯವರು ಬೆನ್ನ ಹಿಂದೆ ಇಟ್ಟ ಗಡಿಬಿಡಿ ಎಂಬ ಅಡ್ಡಹೆಸರು ಕಾಲಕ್ರಮೇಣ ಮುಖದೆದುರಿಗೂ ಬಂದು ನಿಂತಿತು. ಅವರಿಗೆ ಅದನ್ನು ಆಕ್ಷೇಪಿಸುವಷ್ಟು ಪುರಸೊತ್ತು ಸಿಗಲಿಲ್ಲ. ಈಗಲೂ ಅವರನ್ನು "ಲೋ" ಎಂದು ಕರೆಯುವ ಅಧಿಕಾರ ಅಕ್ಕನೊಬ್ಬಳಿಗೇ ಉಳಿದಿದೆ.

ಅವರ ಖಾಕಿ ಕೋಟಿನದು ಒಂದು ಪ್ರತ್ಯೇಕ ಚರಿತ್ರೆ. ಬಿಸಿಲಿರಲಿ, ಚಳಿಯಿರಲಿ, ಅದು ಮೈಮೇಲಿಂದ ಇಳಿದದ್ದಿಲ್ಲ. ರಟ್ಟು ಅಂಟಿಸುವ ಗಂಜಿಯ ಅಂಟು ವರ್ಷಗಟ್ಟಲೆ ಮೆತ್ತಿ ಒಣಗಿ ಅದರ ತೋಳಿನಂಚುಗಳು ಮರದ ತೊಗಟೆಯಷ್ಟು ಗಡುಸಾಗಿವೆ. ಕೈ ಬೀಸಿದರೆ ಚಟಚಟ ಸದ್ದು, ಹಾಗಾಗಿ ಸಾಹುಕಾರರು ಬರುವ ಮೊದಲೇ ಅವರ ಆಗಮನ ಎಲ್ಲರಿಗೂ ತಿಳಿದಿರುತ್ತದೆ. ಜೇಬಿನ ತುಂಬ ರಟ್ಟಿನ ಚೂರುಗಳು. ಮಾತಿನ ನಡುವೆ ಒಂದನ್ನು ಹೊರಗೆಳೆದು, ಪೆನ್ಸಿಲಿನಿಂದ ಏನನ್ನೋ ಗೀಚಿ, ಗೀಚಿದ್ದನ್ನು ಎದುರಿನವರ ಕೈಗೆ ತುರುಕಿ, ಇದೇನೆಂದು ಕೇಳುವಷ್ಟರಲ್ಲಿ ಮಾಯವಾಗಿರುತ್ತಾರೆ. ಆಗೆಲ್ಲ ಕೈಯಲ್ಲಿ ಪೆನ್ಸಿಲ್ ಇಲ್ಲವೆಂದರೆ ಪೊರಕೆಯಿದೆ ಎಂದೇ ಅರ್ಥ. ಉದ್ದ ಹಿಡಿಯ, ಗಟ್ಟಿ ಕಡ್ಡಿಯ ಪೊರಕೆ. ಬೆಳಿಗ್ಗೆ ಯಂತ್ರಗಳು ಶುರುವಾಗುವ ಮುನ್ನ ಕಾರ್ಖಾನೆಯ ಅಂಗಳವನ್ನು ಅವರೇ ಗುಡಿಸಬೇಕಿತ್ತು. ಕೆಲಸಕ್ಕೆ ಅಷ್ಟು ಜನರಿದ್ದರೂ ಬೇರೆ ಯಾರು ಗುಡಿಸಿದರೂ ಅವರ ಕಣ್ಣಿಗೆ ಅದು ಗುಡಿಸಿದ್ದೇ ಅಲ್ಲ. ಹಿಂದಿನ ದಿನ ಕತ್ತರಿಸುವ ಯಂತ್ರದಿಂದ ಹಾರಿ ಬಂದ ಕಂದು ಬಣ್ಣದ ರಟ್ಟಿನ ಪುಡಿಯನ್ನು ಇಳಿಜಾರಿನ ಕಡೆಗೆ ಸರಸರನೆ ತಳ್ಳಿಕೊಂಡು ಹೋಗುವಾಗ ಮಾತ್ರ ಅವರ ಮುಖದ ಮೇಲೆ ಒಂದು ಬಗೆಯ ಶಾಂತಿ ಸುಳಿಯುತ್ತಿತ್ತು.

ಈ ಚಡಪಡಿಕೆ ಹುಟ್ಟಿನಿಂದ ಬಂದದ್ದೆಂದು ಅಕ್ಕ ಹೇಳುತ್ತಾಳೆ, ಅವಳಿಗೆ ಹೇಳುವ ಹಕ್ಕೂ ಇದೆ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಎತ್ತಿ ಸಾಕಿದವಳು ಅವಳೇ. ಹೊಲಿಗೆಯಿಂದ ಮನೆ ನಡೆಯುತ್ತಿದ್ದ ಕಾಲ. ಊಟಕ್ಕೆ ಕೂರಿಸಿದ ಹುಡುಗ ಎರಡು ತುತ್ತಿಗೆ ಎದ್ದು ಓಡುತ್ತಿದ್ದುದರಿಂದ ಅವನ ಅಂಗಿಯ ಚುಂಗನ್ನು ಒಂದು ಪಟ್ಟಿಯಿಂದ ಹೊಲಿಗೆ ಯಂತ್ರದ ಕಾಲಿಗೆ ಕಟ್ಟಿ ಉಣ್ಣಿಸುತ್ತಿದ್ದಳಂತೆ. ಒಂದು ದಿನ ಅಂಗಿ ಅಲ್ಲೇ ಉಳಿಯಿತು, ಹುಡುಗ ಬೀದಿಯಲ್ಲಿದ್ದ. ಮುಂದೆ ಅದೇ ಹುಡುಗ ಗುಡ್ಡದ ಮೇಲೆ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಹಾಕಿದ. ಅದೇ ಬೀದಿಯ ಕೆಳತುದಿಯಲ್ಲಿ ಅಕ್ಕ ಹಾಸಿಗೆ ಹೊಲಿಯುವ ಕೋಣೆಯನ್ನು ಮುಂದುವರಿಸಿದಳು. ಜೊತೆಗೆ ಇಬ್ಬರು ಹೆಂಗಸರು, ಗೋಡೆಯುದ್ದಕ್ಕೂ ಹತ್ತಿಯ ಮೂಟೆಗಳು, ಗಾಳಿಯಲ್ಲಿ ಸದಾ ತೇಲುವ ಎಳೆ, ಕಿಟಕಿಯ ಪಕ್ಕ ಅದೇ ಹಳೆಯ ಯಂತ್ರ. ಹಾಗೆ ನೋಡಿದರೆ ಅಕ್ಕ ತಮ್ಮ ಇಬ್ಬರ ಹೊಟ್ಟೆಪಾಡಿಗೂ ವೈರಿ ಒಂದೇ, ನೀರು. ರಟ್ಟು ನೆನೆದರೆ ಪೆಟ್ಟಿಗೆ ಕುಸಿಯುತ್ತದೆ, ಹತ್ತಿ ನೆನೆದರೆ ಮುಗ್ಗುತ್ತದೆ.

ವೈರಿಯನ್ನು ಗೆದ್ದೆನೆಂದು ಸಾಹುಕಾರರು ಬಹಳ ಕಾಲ ನಂಬಿಕೊಂಡಿದ್ದರು. ಮೊದಮೊದಲು ಮಣ್ಣಂಗಳದಲ್ಲಿ ಲಾರಿಯ ಗಾಲಿಗಳು ಹೂತು, ಮೇಲಿನ ಪೆಟ್ಟಿಗೆಗಳು ಕೆಸರಿಗೆ ಬಿದ್ದು, ಅವರು ತಲೆ ತಲೆ ಚಚ್ಚಿಕೊಂಡ ದಿನಗಳಿದ್ದವು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ್ದೇ ತಡ, ಬೇಲಿಯಿಂದ ಬೇಲಿಗೆ ಕಾಂಕ್ರೀಟು ಹಾಸಿಸಿದರು. ಕನ್ನಡಿಯಂಥ ನುಣುಪು, ಗೇಟಿನ ಕಡೆಗೆ ಹದವಾದ ಇಳಿಜಾರು, ಎಲ್ಲಿಯೂ ಒಂದು ಹುಲ್ಲುಕಡ್ಡಿಗೆ ತಲೆಯೆತ್ತಲು ಅವಕಾಶವಿಲ್ಲ. ಮಳೆ ನಿಂತ ಮೇಲೆ ಒಂದು ಗುಬ್ಬಿಗೆ ಕುಡಿಯುವಷ್ಟು ನೀರೂ ತಮ್ಮ ಅಂಗಳದಲ್ಲಿ ಸಿಗುವುದಿಲ್ಲವೆಂದು ಬಂದವರೆಲ್ಲರಿಗೂ ತೋರಿಸುತ್ತಿದ್ದರು. ಆ ನೀರು ಎಲ್ಲಿಗೆ ಹೋಗುತ್ತದೆಂದು ಬಂದವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ಕಾರ್ಖಾನೆ ಬೆಳೆಯಿತು, ಒಂದು ಶೆಡ್ಡಿನ ಪಕ್ಕ ಇನ್ನೊಂದು ಎದ್ದಿತು, ಅಷ್ಟಗಲದ ತಗಡಿನ ಮಾಡುಗಳ ಮೇಲೆ ಬಿದ್ದದ್ದೆಲ್ಲ ಕಾಂಕ್ರೀಟಿಗೆ ಜಾರಿ, ಕಾಂಕ್ರೀಟಿನ ಮೇಲೆ ಬಿದ್ದದ್ದೆಲ್ಲ ಗೇಟು ದಾಟಿ, ಬೀದಿಯನ್ನು ಹಿಡಿದು ದಡದಡನೆ ಇಳಿಯಿತು. ಇಳಿದದ್ದು ಎಲ್ಲಿ ನಿಲ್ಲಬೇಕು? ಬೀದಿಯ ಕೆಳತುದಿಯಲ್ಲಿ.

ಅಕ್ಕನ ಹೊಸ್ತಿಲು ಮೊದಲು ತೇವವಾಯಿತು, ಆಮೇಲೆ ನೆನೆಯಿತು, ಆಮೇಲೆ ಮುಳುಗಿತು. ಪ್ರತಿಸಲವೂ ತಮ್ಮ ಓಡಿ ಬಂದ. ಪಂಪು ತಂದ, ಮರಳಿನ ಚೀಲ ತಂದ, ಕಾರ್ಖಾನೆಯ ಆಳುಗಳನ್ನು ಕರೆತಂದ, ಮೂಟೆಗಳನ್ನು ತಾನೇ ಬೆನ್ನ ಮೇಲೆ ಹೊತ್ತು ಅಟ್ಟಕ್ಕೆ ಏರಿಸಿದ, ಪ್ಯಾಂಟು ಮಡಿಸಿ ನೆಲ ಒರೆಸಿದ, ಚರಂಡಿಯವರನ್ನು ಬಾಯಿಗೆ ಬಂದಂತೆ ಬೈದ. ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅದಕ್ಕೇ ಅಕ್ಕನಿಗೆ ಬಾಯಿ ಬಿಡಲು ಅಷ್ಟು ದಿನ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಭಾರೀ ಮಳೆ ಸುರಿದು, ಮೊಣಕಾಲೆತ್ತರದ ಕಂದು ನೀರು ಕೋಣೆಗೆ ನುಗ್ಗಿದಾಗ ಅದರ ಜೊತೆಗೆ ಅಂಟಿನ ನೊರೆಯೂ ರಟ್ಟಿನ ತುಂಡುಗಳೂ ತೇಲಿ ಬಂದವು. ಹತ್ತಿಯೆಲ್ಲ ಹೋಯಿತು. ಅಕ್ಕ ಒಂದು ತುಂಡನ್ನು ಎತ್ತಿ ತಮ್ಮನ ಮುಂದೆ ಹಿಡಿದಳು. ಅದರ ಮೇಲೆ ಅವನ ಕಾರ್ಖಾನೆಯ ಮುದ್ರೆಯೂ, ಈ ಭಾಗ ಮೇಲೆ ಎನ್ನುವ ಬಾಣದ ಗುರುತೂ ಅಚ್ಚಾಗಿದ್ದವು.

"ಇದು ಆಕಾಶದಿಂದ ಬಿದ್ದ ನೀರಲ್ಲ ಕಣೋ," ಎಂದಳು. "ನಿನ್ನ ಅಂಗಳದಿಂದ ಬಂದದ್ದು."

ಚರಂಡಿ ಸರಿಯಿಲ್ಲವೆಂದೂ, ನಾಳೆಯೇ ದೊಡ್ಡ ಪಂಪು ತರಿಸುವುದಾಗಿಯೂ, ಹೊಸ್ತಿಲನ್ನು ಇನ್ನಷ್ಟು ಎತ್ತರಿಸುವುದಾಗಿಯೂ ಸಾಹುಕಾರರು ಒಂದೇ ಉಸಿರಿಗೆ ಹೇಳಿ "ಆಯ್ತಾ?" ಎಂದರು.

"ಆಗಲಿಲ್ಲ. ಇನ್ನೊಂದು ಸಲ ಈ ಹೊಸ್ತಿಲು ದಾಟಿ ನೀರು ಬಂದ್ರೆ ನಾನು ಊರಾಚೆ ಕೋಣೆ ನೋಡ್ಕೊಂಡು ಹೋಗ್ತೀನಿ. ಮೂಟೆ ಹೊರೋಕೆ ನೀನು ಬರಬೇಡ."

ಹೋಗುತ್ತೇನೆಂದದ್ದು ಅವರಿಗೆ ಅಷ್ಟಾಗಿ ತಾಗಲಿಲ್ಲ, ನೀನು ಬರಬೇಡ ಎಂದದ್ದು ನೆಟ್ಟಗೆ ಎದೆಗೇ ಬಿತ್ತು. ಓಡಿ ಬರುವುದನ್ನು ಬಿಟ್ಟರೆ ಅಕ್ಕನಿಗೆ ಕೊಡಲು ಆ ಮನುಷ್ಯನ ಹತ್ತಿರ ಬೇರೆ ಏನಿತ್ತು? ಅಂದು ಅವರು ಗುಡ್ಡ ಹತ್ತುವಾಗ ತಲೆಯೂ ಕಾಲೂ ಒಟ್ಟೊಟ್ಟಿಗೇ ನಡೆದವೆಂದು ಅಕ್ಕ ಕಿಟಕಿಯಿಂದ ನೋಡಿದ್ದಾಳೆ.

ಮಳೆನೀರಿನ ಕೆಲಸವನ್ನೇ ಓದಿ ಬಂದ ಒಬ್ಬ ಎಂಜಿನಿಯರಮ್ಮನನ್ನು ಕರೆಸಲಾಯಿತು. ವಿಧಿಯ ವಿನೋದ ನೋಡಿ, ಅವಸರವೆಂಬ ಪದಾರ್ಥವೇ ಆಕೆಗೆ ಗೊತ್ತಿರಲಿಲ್ಲ. ಬಂದವಳು ಅಂಗಳವನ್ನು ಒಮ್ಮೆ ಸುತ್ತಿ, ಮಳೆ ಬಂದಾಗ ಮತ್ತೆ ಬರುತ್ತೇನೆಂದು ಹೊರಟೇಹೋದಳು. ಸಾಹುಕಾರರು ಉರಿದುಹೋದರು. ಮಳೆ ಬಂದ ದಿನ ಆಕೆ ಕೊಡೆ ಹಿಡಿದು ನೀರಿನ ಹಿಂದೆ ಹಿಂದೆಯೇ ನಡೆದಳು. ಮಾಡಿನ ಕೊಳವೆಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ, ಗೇಟಿನಿಂದ ಬೀದಿಗುಂಟ ಅಕ್ಕನ ಬಾಗಿಲವರೆಗೆ. ಹಿಂತಿರುಗಿ ಬಂದು ಸರಕು ಏರಿಸುವ ಕಟ್ಟೆಯ ಹತ್ತಿರ ನಿಂತಳು. ಅಲ್ಲಿ ಮೂರು ಮಾಡುಗಳ ನೀರು ಒಂದಕ್ಕೊಂದು ಡಿಕ್ಕಿ ಹೊಡೆದು, ಕೆಳಸಾಲಿನ ಪೆಟ್ಟಿಗೆಗಳ ಬುಡವನ್ನು ಪ್ರತಿ ಮಳೆಗೂ ಒದ್ದೆ ಮಾಡುತ್ತಿತ್ತು. ಔಷಧಿ ಕಂಪನಿಯವರು ಒಂದು ಲಾರಿ ಪೂರ್ತಿ ಮಾಲನ್ನು ವಾಪಸು ಕಳಿಸಿದ್ದು ಅದೇ ಕಾರಣಕ್ಕೆ. ಅದನ್ನು ಮಾತ್ರ ಸಾಹುಕಾರರು ಯಾರಿಗೂ ತೋರಿಸಿರಲಿಲ್ಲ.

"ನೀವು ನೀರನ್ನ ಓಡಿಸ್ತಾ ಇದೀರಿ ಸಾರ್," ಎಂದಳು ಆಕೆ. "ಸ್ವಲ್ಪ ಹೊತ್ತು ಕೂರಿಸಬೇಕು."

ಕೂರಿಸುವ ವಿದ್ಯೆಯನ್ನು ಕೂರಲು ಬಾರದವರಿಗೆ ಬೋಧಿಸುವುದು ಸಣ್ಣ ಕೆಲಸವಲ್ಲ. ಗೇಟಿನ ಬಳಿಯ ಬೇಲಿಯುದ್ದಕ್ಕೂ ಕಾಂಕ್ರೀಟು ಒಡೆದು, ಅಗಲವಾದ, ಆಳವಿಲ್ಲದ ಒಂದು ತಗ್ಗು ತೋಡಬೇಕು. ಅದರೊಳಗೆ ಮರಳು, ಗೊಬ್ಬರ, ಸಡಿಲ ಮಣ್ಣು ತುಂಬಿ, ಬೇರು ಆಳಕ್ಕಿಳಿಸುವ ಹುಲ್ಲನ್ನೂ ಪೊದೆಗಳನ್ನೂ ನೆಡಬೇಕು. ಅಂಗಳದ ನೀರು ಅಲ್ಲಿ ತಂಗಿ, ಕಸವನ್ನು ಮಣ್ಣಿಗೆ ಬಿಟ್ಟು, ನಿಧಾನವಾಗಿ ನೆಲಕ್ಕಿಳಿಯುತ್ತದೆ. ಲಾರಿ ನಿಲ್ಲುವ ಕಡೆ ನೀರು ಹೀರುವ ತೂತಿನ ಇಟ್ಟಿಗೆ. ದೊಡ್ಡ ಮಾಡಿನ ನೀರಿಗೆ ತೊಟ್ಟಿ, ಆ ನೀರು ರಟ್ಟು ಅಂಟಿಸಲು ಉಗಿ ಕೊಡುವ ಬಾಯ್ಲರಿಗೆ. ಹೀಗೆ ಆಕೆ ಹೇಳುತ್ತಾ ಹೋದಂತೆ ಸಾಹುಕಾರರು ಕೋಟಿನ ತೋಳನ್ನು ಚಟಚಟಿಸುತ್ತಾ ನಾಲ್ಕು ಸಲ ಹೊರಗೆ ಹೋಗಿ ಬಂದರು. ಗಿಡವಿದ್ದಲ್ಲಿ ಹುಳ, ಹುಳವಿದ್ದಲ್ಲಿ ಗಿರಾಕಿಯ ದೂರು. ಒಡೆದ ಅಂಗಳ ನೋಡಿ ಜನ ಇವನು ದಿವಾಳಿಯೆದ್ದ ಎನ್ನುತ್ತಾರೆ. ತಾವು ಬೆವರು ಸುರಿಸಿ ಹಾಸಿದ ಕಾಂಕ್ರೀಟಿಗೆ ತಾವೇ ಸುತ್ತಿಗೆ ಹಾಕುವುದೇ? ಈ ಎಲ್ಲ ವಾದಗಳನ್ನು ಆಕೆ ಸಾವಧಾನದಿಂದ ಕೇಳಿ, ಕಟ್ಟೆಯ ಮೇಲಿನ ಒದ್ದೆ ಪೆಟ್ಟಿಗೆಯೊಂದನ್ನು ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು. ಸಾಹುಕಾರರ ಕಣ್ಣು ಮಾತ್ರ ಪೆಟ್ಟಿಗೆಯ ಮೇಲಿರಲಿಲ್ಲ, ಬೀದಿಯ ಕೆಳತುದಿಯ ಮೇಲಿತ್ತು.

ಒಡೆಯುವ ದಿನ ಅವರು ಅಂಗಳದಲ್ಲಿ ನಿಲ್ಲಲಾರದೆ, ಒಳಗೆ ಇರಲೂ ಆರದೆ, ಬಾಗಿಲ ಬಳಿಯೇ ಸುತ್ತು ಹಾಕಿದರು. ಇಟ್ಟಿಗೆ ಹಾಸಿ, ತೊಟ್ಟಿ ಕಟ್ಟಿ, ಗಿಡ ನೆಟ್ಟ ಮೇಲೆ ಹೊಸ ಸಂಕಟ ಶುರುವಾಯಿತು. ಗೇಣುದ್ದದ ಸೊರಗಿದ ಸಸಿಗಳನ್ನು ಕಂಡು ಇಷ್ಟೇನಾ ಎಂದರು. ಬೇರು ಹಿಡಿಯಲು ಸಮಯ ಬೇಕೆಂಬ ಉತ್ತರ ಬಂತು. ಸಮಯ! ಅಂದಿನಿಂದ ದಿನಾ ಬೆಳಿಗ್ಗೆ ಪೊರಕೆ ಹಿಡಿದು ತಗ್ಗಿನ ಅಂಚಿಗೆ ಬಂದು, ಬಗ್ಗಿ, ಗಿಡಗಳನ್ನೇ "ಆಯ್ತಾ?" ಎಂದು ವಿಚಾರಿಸಿಕೊಳ್ಳುವುದು ರೂಢಿಯಾಯಿತು. ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುವವನು ಇದನ್ನು ನೋಡಿ, ಸಾಹುಕಾರರಿಗೆ ಹೆದರಿ ಗಿಡ ಬೇಗ ಬೆಳೆಯುತ್ತದೆ ಬಿಡಿ ಎಂದು ನಗೆಯಾಡಿದ್ದುಂಟು.

ಮೊದಲ ತುಂತುರು ಮಳೆ ಬಂದ ದಿನ ತಗ್ಗಿಗೆ ಇಳಿದ ನೀರು ಗೇಟಿಗೆ ಬಾರದೆ ಅಲ್ಲೇ ಇಂಗಿಹೋಯಿತು. ಸಾಹುಕಾರರು ಅಕ್ಕನಿಗೆ ಫೋನು ಮಾಡಿ, ಫೋನನ್ನು ಬೀದಿಯ ಕಡೆಗೆ ಹಿಡಿದು, ಏನಾದರೂ ಕೇಳಿಸುತ್ತಿದೆಯಾ ಎಂದು ಕೇಳಿದರು. ಏನೂ ಕೇಳಿಸುತ್ತಿಲ್ಲವೆಂದಳು ಅಕ್ಕ. "ಅದೇ ಅಕ್ಕ, ಅದೇ," ಎಂದು ತಮ್ಮ ಕುಣಿದಾಡಿದ. ಅಕ್ಕ ಫೋನಿಟ್ಟು ಹೊಲಿಗೆ ಮುಂದುವರಿಸಿದಳು. ಊರಾಚೆ ನೋಡಿಟ್ಟ ಕೋಣೆಯ ಮಾತನ್ನು ಅವಳಿನ್ನೂ ಬಿಟ್ಟುಕೊಟ್ಟಿರಲಿಲ್ಲ.

ಬಿಡದೆ ಇದ್ದದ್ದು ಒಳ್ಳೆಯದೇ ಆಯಿತು. ಮಳೆಗಾಲ ಬಲಿತ ಮೇಲೆ, ಒಂದು ಬೆಳಿಗ್ಗೆ ಬಂದ ಸಾಧಾರಣ ಮಳೆಗೇ ತಗ್ಗು ತುಂಬಿತು, ತುಂಬಿದ್ದು ಇಳಿಯಲಿಲ್ಲ. ತಟ್ಟೆಯಲ್ಲಿ ನಿಂತಂತೆ ನಿಂತು, ಅಂಚು ಮೀರಿ, ಹಳೆಯ ದಾರಿ ಹಿಡಿದು ಬೀದಿಗಿಳಿಯಿತು. ಅಕ್ಕ ಕಿಟಕಿಯಿಂದ ಕಂದು ನೀರು ಬರುವುದನ್ನು ಕಂಡು, ಯಾರನ್ನೂ ಕೂಗದೆ, ಇಬ್ಬರು ಹೆಂಗಸರ ಜೊತೆ ಮೂಟೆಗಳನ್ನು ಮೇಜಿನ ಮೇಲೆ ಎತ್ತಿದಳು. ನೀರು ಮೆಟ್ಟಿಲಿಗೆ ಬಂದು, ಹೊಸ್ತಿಲಿಗೆ ಮುಖವಿಟ್ಟು, ಮಳೆ ನಿಂತದ್ದರಿಂದ ನಿಂತಿತು. ತಮ್ಮ ಓಡಿ ಬರಲಿಲ್ಲ. ಬರಬೇಡವೆಂದು ತಾನೇ ಹೇಳಿದ್ದು ಅಕ್ಕನಿಗೆ ನೆನಪಾಯಿತು. ಸಿಟ್ಟೂ ಬಂತು. ಚಪ್ಪಲಿ ಮೆಟ್ಟಿ, ಎಷ್ಟೋ ಕಾಲದ ಮೇಲೆ ಗುಡ್ಡ ಹತ್ತಿದಳು. ಹೊರಡುವ ಮಾತನ್ನು ಮುಖ ನೋಡಿಯೇ ಹೇಳಬೇಕೆಂದು.

ಅಂಗಳದಲ್ಲಿ ಕಂಡ ದೃಶ್ಯ ಹೀಗಿತ್ತು. ಎಂಜಿನಿಯರಮ್ಮ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿ ತಗ್ಗಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ನೀರಿನೊಳಗೆ ಕೈ ಹಾಕಿ, ತಳದಿಂದ ಏನನ್ನೋ ಮೆಲ್ಲಗೆ ಬಿಡಿಸಿ ಎತ್ತುತ್ತಿದ್ದಳು. ಕಂದು ಬಣ್ಣದ ದಪ್ಪ ಹಾಳೆ, ಅಗಲಕ್ಕೆ ಅಗಲ ಎದ್ದು ಬಂತು. ರಟ್ಟಿನ ಪುಡಿ ಒದ್ದೆಯಾಗಿ, ಅಂಟಿನ ಗಂಜಿಯೊಂದಿಗೆ ಕಲೆತು, ಬಿಸಿಲಿಗೆ ಬಿಗಿದು, ಮಣ್ಣಿನ ಮೇಲೆ ಮತ್ತೊಂದು ರಟ್ಟೇ ತಯಾರಾಗಿತ್ತು. ನೆಲದ ಬಾಯಿಗೆ ಮುಚ್ಚಳ ಹಾಕಿದ ಮೇಲೆ ನೀರು ಇಳಿಯುವುದಾದರೂ ಎಲ್ಲಿಂದ? ಇಳಿಜಾರಿನ ಕಡೆಗೆ ಪುಡಿ ತಳ್ಳುವುದು ಆ ಕಾರ್ಖಾನೆಯ ಹಳೆಯ ವಾಡಿಕೆ. ಇಳಿಜಾರಿನ ತುದಿಯಲ್ಲಿ ಈಗ ಗೇಟಿಗೆ ಮೊದಲು ತಗ್ಗಿದೆಯೆಂಬುದು ವಾಡಿಕೆಗೆ ಗೊತ್ತಾಗಲಿಲ್ಲ.

"ಈ ಪುಡೀನ ಇಲ್ಲಿಗೆ ಗುಡಿಸೋರು ಯಾರು?" ಎಂದು ಎಂಜಿನಿಯರಮ್ಮ ಕೇಳಿದಳು.

ಸುತ್ತ ನಿಂತ ಕೆಲಸಗಾರರೆಲ್ಲ ತಮ್ಮ ತಮ್ಮ ಕಾಲಿನ ಹೆಬ್ಬೆರಳನ್ನು ನೋಡಿಕೊಂಡರು. ಫೋರ್ಕ್‌ಲಿಫ್ಟಿನವನು ಸುಮ್ಮನೆ ಕೆಮ್ಮಿದ. ಸಾಹುಕಾರರು ಎಲ್ಲರ ಮುಖವನ್ನೂ ಒಂದೊಂದಾಗಿ ಸಿಟ್ಟಿನಿಂದ ನೋಡುತ್ತಾ ಬಂದವರು, ಕೊನೆಗೆ ತಮ್ಮ ಕೈಯಲ್ಲಿದ್ದ ಪೊರಕೆಯನ್ನು ನೋಡಿದರು. ಆ ಹೊತ್ತಿನ ಅವರ ಮುಖ ಅಕ್ಕನಿಗೆ ಹಳೆಯದು, ಅಂಗಿಯಿಲ್ಲದೆ ಬೀದಿಯಲ್ಲಿ ಸಿಕ್ಕಿಬಿದ್ದ ಹುಡುಗನದು. ಹೇಳಬೇಕೆಂದು ಗಂಟಲವರೆಗೆ ತಂದಿದ್ದ ಮಾತೆಲ್ಲ ಹಿಂದಕ್ಕೆ ಹೋಗಿ, ಅವಳಿಗೆ ನಗು ಬಂತು. ಬೇಡವೆಂದರೂ ಬಂತು.

"ಅಕ್ಕ, ದಾಟ್ತಾ?" ಎಂದು ಸಾಹುಕಾರರು ಕೇಳಿದರು.

"ಹೊಸ್ತಿಲ ತನಕ ಬಂತು. ದಾಟಿಲ್ಲ." ಅಕ್ಕ ಕೈ ಚಾಚಿದಳು. "ಪೊರಕೆ ಕೊಡು ಇಲ್ಲಿ."

ಕೊಡುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಅಕ್ಕ ಅದನ್ನು ಹೆಗಲ ಮೇಲಿಟ್ಟುಕೊಂಡು, ಸುತ್ತಲಿದ್ದವರೆಲ್ಲ ನೋಡುತ್ತಿರುವಂತೆ ಗುಡ್ಡ ಇಳಿದು, ತನ್ನ ಕೋಣೆಯ ಬಾಗಿಲ ಹಿಂದೆ ಒರಗಿಸಿದಳು. ಮುಂದಿನ ವಾರ ಹಾಳೆಯನ್ನೆಲ್ಲ ಕಿತ್ತು, ಮೇಲಿನ ಮಣ್ಣು ಬದಲಿಸಿ, ತಗ್ಗಿನ ಬಾಯಿಗೆ ಜಾಲರಿ ಕೂರಿಸಲಾಯಿತು. ಪುಡಿಯನ್ನು ಶೆಡ್ಡಿನೊಳಗೇ ಎಳೆದುಕೊಂಡು ಚೀಲಕ್ಕೆ ತುಂಬುವ ಯಂತ್ರ ಬಂತು. ಚೀಲ ಮತ್ತೆ ರಟ್ಟು ಮಾಡುವವರಿಗೇ ಹೋಗುತ್ತದೆ. ಅಂಗಳ ಗುಡಿಸುವ ಕೆಲಸ ಇನ್ನೊಬ್ಬರ ಪಾಲಾಯಿತು. ಸಾಹುಕಾರರ ಕೈಗಳು ಮಾತ್ರ ಅನಾಥವಾದವು. ಕೆಲವು ದಿನ ಕೋಟಿನ ಜೇಬಿನಲ್ಲಿದ್ದವು, ಕೆಲವು ದಿನ ಬೆನ್ನ ಹಿಂದೆ, ಒಮ್ಮೊಮ್ಮೆ ಬರಿಗಾಳಿಯನ್ನೇ ಗುಡಿಸುತ್ತಿದ್ದವು.

ದೊಡ್ಡ ಮಳೆ ಬಂದದ್ದು ಅದಾದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಗಿ, ತಗಡಿನ ಮಾಡಿನ ಮೇಲೆ ಮಾತು ಕೇಳಿಸದಷ್ಟು ಜೋರಾಗಿ ಹೊಡೆಯತೊಡಗಿತು. ಸಾಹುಕಾರರು ಕಟ್ಟೆಯಿಂದ ಅಂಗಳಕ್ಕೆ, ಅಂಗಳದಿಂದ ಕಟ್ಟೆಗೆ, ನೆನೆದು ತೊಪ್ಪೆಯಾಗಿ ಓಡಿದರು. ತೊಟ್ಟಿ ತುಂಬಿತು. ತಗ್ಗು ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು, ಹುಲ್ಲಿನ ತುದಿಗಳಷ್ಟೇ ಕಾಣುತ್ತಿದ್ದವು. ಬೀದಿಗೆ ಧಾವಿಸಿ ಮೂಟೆ ಹೊರಲು ಕಾಲು ಸೆಳೆಯಿತು. ಬರಬೇಡವೆಂಬ ಮಾತು ಕಾಲಿಗೆ ತೊಡರಿತು. ಫೋರ್ಕ್‌ಲಿಫ್ಟಿನವನು ಯಂತ್ರ ನಿಲ್ಲಿಸಿ, ನೀವು ಓಡಿದರೆ ಅದೇನು ಬೇಗ ಇಂಗುತ್ತದೆಯೇ, ಕೂತುಕೊಳ್ಳಿ ಎಂದು ಗದರಿಸಿಯೇಬಿಟ್ಟ. ಮಡಚಿಟ್ಟ ಪೆಟ್ಟಿಗೆಗಳ ಅಟ್ಟಿಯೊಂದರ ಮೇಲೆ ಸಾಹುಕಾರರು ಕೂತರು. ಪೂರ್ತಿಯಾಗಿ ಕೂತರು, ಯಾಕೆಂದರೆ ನಿಲ್ಲುವ ಶಕ್ತಿ ಉಳಿದಿರಲಿಲ್ಲ. ಅಟ್ಟಿಯ ಕೆಳಗಿನ ಪೆಟ್ಟಿಗೆ ಒಣಗಿತ್ತು ಎಂಬುದನ್ನು ಅವರ ಕೈ ತಾನಾಗಿ ಮುಟ್ಟಿ ನೋಡಿಕೊಂಡಿತು. ಕಟ್ಟೆಯ ಬುಡದಲ್ಲಿ ನೀರು ನಿಂತಿರಲಿಲ್ಲ. ಎದುರಿಗೆ ತಗ್ಗು ಅಂಚಿಗೆ ಒಂದು ಬೆರಳು ಬಾಕಿಯಿರುವಂತೆ ನಿಂತು, ಬಹಳ ಹೊತ್ತು ಯೋಚಿಸಿ, ಮೆಲ್ಲಮೆಲ್ಲನೆ ಇಳಿಯತೊಡಗಿತು. ಹುಲ್ಲು ಒಂದೊಂದಾಗಿ ತಲೆಯೆತ್ತಿತು.

ಮಳೆ ನಿಂತ ಮೇಲೆ ಅವರು ಬೀದಿ ಇಳಿದರು. ಅಕ್ಕನ ಮೆಟ್ಟಿಲ ಮುಂದೆ ಎಲ್ಲ ಬೀದಿಗಳೂ ಮಳೆಗೆ ಒದ್ದೆಯಾಗುವಷ್ಟೇ ಒದ್ದೆ. ಒಳಗೆ ಹತ್ತಿಯ ಮೂಟೆಗಳು ನೆಲದ ಮೇಲೇ ಇದ್ದವು, ಯಾರೂ ಎತ್ತಿಟ್ಟಿರಲಿಲ್ಲ. ಅಕ್ಕ ಯಂತ್ರದಿಂದ ತಲೆಯೆತ್ತಲಿಲ್ಲ. ಸಾಹುಕಾರರು ಹೊಸ್ತಿಲ ಹೊರಗೇ ನಿಂತು, ಕೋಟಿನಿಂದ ನೀರು ತೊಟ್ಟಿಕ್ಕುತ್ತಿರುವಾಗ, ಎಂದಿನ ಮಾತನ್ನೇ ಕೇಳಿದರು.

"ಆಯ್ತಾ?"

"ಏನಾಗಬೇಕಿತ್ತು?" ಎಂದಳು ಅಕ್ಕ. "ಒಳಗೆ ಬಾ. ಒರೆಸ್ಕೊಂಡು ಬಾ."

ಈಗ ಆ ತಗ್ಗಿನಲ್ಲಿ ಪೊದೆಗಳು ಆಳೆತ್ತರ ಬೆಳೆದಿವೆ. ಬೆಂಕಿಯಂತೆ ಕಾಯುತ್ತಿದ್ದ ಅಂಗಳ ತಣ್ಣಗಾಗಿದೆ, ಕೆಲಸಗಾರರು ಊಟದ ಡಬ್ಬಿ ಹಿಡಿದು ಅಲ್ಲೇ ಕೂರುತ್ತಾರೆ, ಔಷಧಿ ಕಂಪನಿಯವರು ಮಾಲು ವಾಪಸು ಕಳಿಸುವುದನ್ನು ನಿಲ್ಲಿಸಿದ್ದಾರೆ, ಚರಂಡಿಯ ತೆರಿಗೆಯವರೂ ಒಮ್ಮೆ ಬಂದು ನೋಡಿ, ನೀರು ಬೀದಿಗೆ ಬಾರದ್ದಕ್ಕೆ ತೆರಿಗೆಯನ್ನು ಒಂದಿಷ್ಟು ಇಳಿಸಿ ಹೋದರು. ಇದನ್ನೆಲ್ಲ ಸಾಹುಕಾರರು ಬಂದವರಿಗೆ ಓಡಾಡುತ್ತಲೇ ವಿವರಿಸುತ್ತಾರೆ. ಅವರು ಬದಲಾದರೆಂದು ಯಾರೂ ತಿಳಿಯಬೇಕಾಗಿಲ್ಲ; ಕುರ್ಚಿಯ ತುದಿಯೇ ಅವರಿಗೆ ಈಗಲೂ ಸಾಕು. ಇಂಥ ಜೀವಗಳು ಲೋಕದಲ್ಲಿ ಬಹಳ ಇವೆ. ಪ್ರೀತಿಸಿದವರ ಕಷ್ಟಕ್ಕೆ ಎಲ್ಲರಿಗಿಂತ ಮೊದಲು ಓಡಿ ಬರುತ್ತಾರೆ, ಬೆನ್ನು ಕೊಡುತ್ತಾರೆ, ಎದೆ ಕೊಡುತ್ತಾರೆ. ಆ ಕಷ್ಟ ತಮ್ಮ ಅಂಗಳದಿಂದಲೇ ಹೊರಟಿತೆಂದು ಕಾಣುವಷ್ಟು ಹೊತ್ತು ಮಾತ್ರ ಒಂದು ಕಡೆ ನಿಲ್ಲಲಾರರು. ಏನೂ ಆಗದಿರುವ ಒಂದು ಮಧ್ಯಾಹ್ನವನ್ನು ತಮ್ಮವರಿಗೆ ಕೊಡುವುದು ಅವರ ಪಾಲಿಗೆ ಮೂಟೆ ಹೊರುವುದಕ್ಕಿಂತ ಭಾರದ ಕೆಲಸ, ಮತ್ತು ಅದನ್ನು ಒಮ್ಮೆ ಕೊಟ್ಟ ಮೇಲೂ ಅವರ ಕೈ ಹಳೆಯದಕ್ಕೆ ತುಡಿಯುವುದು ತಪ್ಪುವುದಿಲ್ಲ. ಅದಕ್ಕೇ ಅಕ್ಕ ಪೊರಕೆಯನ್ನು ಇನ್ನೂ ಹಿಂತಿರುಗಿಸಿಲ್ಲ.